ಅಕ್ಷರದ ಕೆಳಗಿನ ತೆನೆ

ಆ ಹಿಂದಿ ಸಿನಿಮಾ ಕೊನೆಗೂ ಸಿಕ್ಕಿತೆಂದು ಸೊಸೆ ನಿರ್ಮಲಾ ಫೋನು ಹಿಡಿದು ಬಂದಾಗ ಹನುಮವ್ವ ಮಗ್ಗದಿಂದ ಎದ್ದೇಬಿಟ್ಟಳು. ಅರ್ಧ ನೇಯ್ದ ಸೀರೆ ಬಿಟ್ಟು ಏಳುವ ಹೆಂಗಸಲ್ಲ ಅವಳು. ಆದರೆ ನಲವತ್ತೆಂಟು ವರ್ಷದ ಅನುಮಾನವೊಂದು ಇವತ್ತು ತೀರಬೇಕಿತ್ತು.

ಅನುಮಾನ ಇದ್ದದ್ದು ಟ್ರಂಕಿನ ಮುಚ್ಚಳದ ಒಳಮೈಯಲ್ಲಿ. ಮದುವೆಯಾದ ಹೊಸತರಲ್ಲಿ ಗಂಡ ಮುದಿಯಪ್ಪ ರೋಣದ ಟಾಕೀಜಿನಲ್ಲಿ ಆ ಸಿನಿಮಾ ನೋಡಿ, ಗೇಟಿನವನನ್ನು ಕಾಡಿ ಬೇಡಿ ಪೋಸ್ಟರು ತಂದು ಅಲ್ಲಿ ಅಂಟಿಸಿದ್ದ. ಕೇಡಿಯ ಮುಖಕ್ಕೆ ಪಾಚಿಯ ಹಸಿರು, ನಾಯಕನ ಖಡ್ಗಕ್ಕೆ ಬೆಂಕಿ, ನಾಯಕಿಯ ಸೀರೆಗೆ ಅಂಗೈ ಅಗಲದ ಕೆಂಪು ದಡಿ. ದಡಿಯ ತುಂಬ ಎದುರುಬದುರು ಕೂತ ಗಿಣಿಗಳು. ಹನುಮವ್ವ ಆ ಗಿಣಿಗಳನ್ನು ಎಳೆ ಎಣಿಸಿ ಮಗ್ಗಕ್ಕೆ ಇಳಿಸಿಕೊಂಡಳು. ಒಂದೇ ತೊಡಕು. ಸಿನಿಮಾದ ಹೆಸರು ದಪ್ಪ ಹಳದಿ ಅಕ್ಷರದಲ್ಲಿ ದಡಿಯುದ್ದಕ್ಕೂ ಮಲಗಿತ್ತು, ಗಿಣಿಗಳ ಕೊಕ್ಕುಗಳೆಲ್ಲ ಅದರ ಕೆಳಗೆ ಹೋಗಿದ್ದವು. ಅಲ್ಲಿ ಏನು ತಿನ್ನುತ್ತಿದ್ದವೋ ದೇವರೇ ಬಲ್ಲ. ನಮ್ಮ ಕಡೆಯ ಗಿಣಿ ಮತ್ತೇನು ತಿಂದೀತು ಎಂದು ಅವಳು ನಡುವೆ ಒಂದು ಜೋಳದ ತೆನೆ ಇಟ್ಟಳು.

ಗಜೇಂದ್ರಗಡದ ಪೇಟೆಯಲ್ಲಿ ಅದು ‘ಸಿನಿಮಾ ದಡಿ’ ಆಯಿತು. ಮೆಣಸಗಿಯಿಂದ ಕೊಣ್ಣೂರಿನವರೆಗೆ ಅದನ್ನು ಉಡದ ಮದುಮಗಳು ಕಡಿಮೆ. ತೆನೆ ಖರೇನೋ ಸುಳ್ಳೋ ಎಂದು ಗಂಡನನ್ನು ಕೇಳಿದಾಗಲೆಲ್ಲ, ಸಿನಿಮಾದಲ್ಲಿ ತೆನೆಯೇ ಇತ್ತು, ಕಣ್ಣಾರೆ ನೋಡಿದ್ದೇನೆ ಎಂದು ಅವನು ಆಣೆ ಹಾಕುತ್ತಿದ್ದ. ಈಗ ದಡಿಯನ್ನು ಸೊಸೆಗೆ ಕಲಿಸುವ ಹೊತ್ತು ಬಂದಿತ್ತು.

“ತೆನಿ ತಪ್ಪಿದ್ರ ತಗದ ಬಿಡೂಣು. ತಪ್ಪು ಕಲಿಸಿ ನಾ ಸಾಯಂಗಿಲ್ಲ,” ಎಂದು ಹನುಮವ್ವ ಚಷ್ಮಾ ಒರೆಸಿಕೊಂಡು ಕೂತಳು.

ಕಪ್ಪು ಬಿಳುಪಿನ ಸಿನಿಮಾ. ನಾಯಕಿ ಬಾವಿಕಟ್ಟೆಗೆ ಬಂದಳು, ಬೋಳು ಸೀರೆ. ಹಾಡಿನಲ್ಲಿ ಕುಣಿದಳು, ಅದೂ ಬೋಳು. ಕೊನೆಗೆ ಮದುವೆಯಲ್ಲಾದರೂ ಉಟ್ಟಾಳೆಂದು ಕಾದರೆ ಅಲ್ಲಿಯೂ ದಡಿಯಿಲ್ಲ. ನಿರ್ಮಲಾ ಚಿತ್ರ ನಿಲ್ಲಿಸಿ, ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಗಿಣಿಯ ಒಂದು ಗರಿಯೂ ಇರಲಿಲ್ಲ.

“ಪೋಸ್ಟರ್ ಬರದಾಂವ ತನ್ನ ಮನಸ್ಸಿಗೆ ಬಂದಂಗ ಬರದಾನ್ರಿ ಅತ್ತಿ.”

ಪಕ್ಕದಲ್ಲೇ ಕೂತು ನೋಡುತ್ತಿದ್ದ ಮುದಿಯಪ್ಪ ಮಾಳಿಗೆಯ ಜಂತಿ ಎಣಿಸತೊಡಗಿದ್ದ. ಹನುಮವ್ವ ಅವನತ್ತ ತಿರುಗಿದಳು. “ಕಣ್ಣಾರೆ ನೋಡೀನಿ ಅಂದಿದ್ರಲ್ಲ?”

“ಆಕೀದು ಅಂಥಾ ಚಂದದ ಮಾರಿ ಬಿಟ್ಟು ದಡಿ ಯಾಂವ ನೋಡ್ತಾನ?” ಎಂದ ಮುದಿಯಪ್ಪ, ಮೆಲ್ಲಗೆ.

ಹನುಮವ್ವನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಪ್ಪೆನ್ನಲು ಸರಿ ಎಂಬುದೇ ಇರಲಿಲ್ಲವಲ್ಲ ಎಂದು ಮನಸ್ಸು ಹಗುರಾಯಿತು. ಹಾಗಾದರೆ ತೆನೆ ತೆಗೆಯುವುದೇನು ಎಂದು ಸೊಸೆ ಅಳುಕುತ್ತಲೇ ಕೇಳಿದಳು. ಹನುಮವ್ವ ಅವಳನ್ನು ಮಗ್ಗಕ್ಕೆ ಕೂರಿಸಿ, ಲಾಳಿಯನ್ನು ಕೈಗಿಟ್ಟಳು.

“ಇರಲಿ. ಗಿಣಿ ಉಪವಾಸ ಯಾಕ ಇರಬೇಕು?”

ಆಮೇಲೆ ಫೋನಿನಲ್ಲಿ ಬೋಳು ಸೀರೆಯುಟ್ಟು ನಿಂತೇ ಇದ್ದ ನಾಯಕಿಯನ್ನು ಇನ್ನೊಮ್ಮೆ ನೋಡಿದಳು.

“ನಮ್ಮ ಕಡೆ ಎಲ್ಲಾರೂ ಉಟ್ರು. ಪಾಪ, ಆಕಿಗೊಂದ ಸಿಗಲಿಲ್ಲ ನೋಡು.”