ಶಾಸನದ ಕೊನೆಯ ಸಾಲು

"ವಿಜಯನಗರದ ಶಾಸನ ಓದುವಾಗ ಮೊದಲು ಬಿರುದುಗಳನ್ನು ಕಿತ್ತೆಸೆಯಿರಿ," ಎಂದರು ಪ್ರೊಫೆಸರ್ ಗುರುಪಾದಯ್ಯ. "ಎಲ್ಲಾ ಭಟ್ಟಂಗಿಗಳ ಬೊಗಳೆ. ಯುದ್ಧ ಬಿಟ್ಟು ಓಡಿದವನೂ ಕಲ್ಲಿನ ಮೇಲೆ ಗಂಡುಗಲಿ! ಕೊನೆಯಲ್ಲೊಂದು ಶಾಪ ಬೇರೆ. ದಾನ ಕಿತ್ತುಕೊಂಡವನು ಮಲದಲ್ಲಿ ಹುಳುವಾಗಿ ಹುಟ್ಟುತ್ತಾನಂತೆ. ಯಾರ ಕಿವಿಗೆ ಹೂವು ಇಡ್ತಾರೆ?"

ತರಗತಿಯೆಲ್ಲ ನಕ್ಕಿತು.

ಅಷ್ಟರಲ್ಲಿ ಕಲ್ಲು ಕೆತ್ತುವವನು ಬಾಗಿಲಿಗೆ ಬಂದ. ವಿಭಾಗದ ಹೊಸ ಕಟ್ಟಡಕ್ಕೆ ಹಾಕುವ ಕಲ್ಲಿನ ಒಕ್ಕಣೆಯನ್ನು ಗಟ್ಟಿಯಾಗಿ ಓದಿದ: "ಇತಿಹಾಸ ಸಾರ್ವಭೌಮ, ಸಂಶೋಧನಾ ಕೇಸರಿ, ಮುಖ್ಯಸ್ಥ ಗುರುಪಾದಯ್ಯನವರು ಕಟ್ಟಿಸಿದ್ದು. ಸರಿ ಇದೆಯಾ ಸಾರ್?"

ಪ್ರೊಫೆಸರ್ ಹುಬ್ಬು ಗಂಟಿಕ್ಕಿದರು. ಬಿರುದುಗಳಿಗೆ ಕತ್ತರಿ ಬಿತ್ತು ಅಂದುಕೊಂಡೆವು.

"ಕೆಳಗೆ ಇನ್ನೂ ಜಾಗ ಇದೆಯಲ್ಲಯ್ಯಾ," ಎಂದರು. "ಮುಂದೆ ಬರುವ ಮುಖ್ಯಸ್ಥ ಈ ಕಲ್ಲು ಕೀಳಿಸಿದರೆ ಹುಳುವಾಗಿ ಹುಟ್ಟುತ್ತಾನೆ ಅಂತ ಕೆತ್ತು."