ಐಸ್ ಟ್ರೇ ಮೇಲಿನ ಡಬ್ಬಿ

"ಏಳನೇ ಇಯತ್ತೆ ಫೇಲಾದವನ ಕೈಯಾಗ ಹೆಂಡ್ತಿ ಜೀವಾ ಕೊಟ್ಟೆ ನೋಡ್ರಿ ಸಿಸ್ಟರ್, ಮೊದಲ ನನಗ ಚಪ್ಪಲೀಲೆ ಹೊಡೀಬೇಕು!"

ವಿಜಯಕುಮಾರನ ದನಿಗೆ ವಾರ್ಡಿನ ಆರೂ ಮಂಚದವರು ಕತ್ತೆತ್ತಿದರು. ಪಕ್ಕದ ಮಂಚದ ತೆಲುಗು ಮುದುಕಿ "ಅಯ್ಯೋ ಪಾಪಂ" ಎಂದು ಲೊಚಗುಟ್ಟಿದಳು. ಬೂದೆಪ್ಪ ಖಾಲಿ ಥರ್ಮಾಕೋಲ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತೇ ಇದ್ದ. ಬೈದವನು ಭಾವ. ಮಂಚದ ಮೇಲೆ ತಲೆಗೆ ಬಟ್ಟೆ ಸುತ್ತಿಕೊಂಡು ಕೂತವಳು ಒಡಹುಟ್ಟಿದ ಅಕ್ಕ, ನೇತ್ರಾ. ಬೇರೆ ಯಾರಾದರೂ ಈ ಮಾತು ಆಡಿದ್ದರೆ ಇಷ್ಟೊತ್ತಿಗೆ ಅವರ ಹಲ್ಲು ನೆಲದ ಮೇಲಿರುತ್ತಿತ್ತು.

ಸುಗಲಮ್ಮ ಸಿಸ್ಟರ್ ರಾಯಚೂರು ಕಡೆಯವರು. ಆ ಪೆಟ್ಟಿಗೆಯಿಂದ ತೆಗೆದ ಔಷಧದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಏನೂ ಅಲುಗಲಿಲ್ಲ. ಔಷಧ ಕಲ್ಲಾಗಿತ್ತು.

"ಕರಗಿದ ಮ್ಯಾಲೆ ಕೊಡಾಕ ಬರೂದಿಲ್ಲೇನ್ರಿ?" ಬೂದೆಪ್ಪ ಮೆಲ್ಲಗೆ ಕೇಳಿದ.

"ಇಲ್ಲ ತಮ್ಮಾ. ಇದು ನ್ಯಾನೋ ಔಷಧ. ಇದರಾಗ ಕಣ್ಣಿಗೆ ಕಾಣದಂಥ ಗುಳ್ಳಿ ಇರ್ತಾವ, ಒಂದು ಕೂದಲೆಳಿ ಅಗಲದಾಗ ಸಾವಿರ ಕೂಡ್ತಾವ ನೋಡು, ಅಷ್ಟು ಸಣ್ಣವು. ಔಷಧ ಅದರ ಹೊಟ್ಟ್ಯಾಗ. ನೆಟ್ಟಗ ಗಡ್ಡಿ ಇದ್ದಲ್ಲಿಗೆ ಹೋಗಿ ಒಡೀಬೇಕು, ಅದಕ್ಕ ಎದಿಗೆ ತ್ರಾಸ ಆಗೂದಿಲ್ಲ. ನೀ ಬರ್ಫ ಮಾಡಿದಿ, ಅವು ಸೀಸ್ಯಾಗ ಒಡದು ಹೋದ್ವು."

"ಮತ್ತೊಂದು ಯಾವಾಗ ಸಿಗತೈತ್ರಿ?" ಭಾವ ಕೇಳಿದ.

"ಸ್ಟಾಕ್ ಇಲ್ರಿ. ಹನ್ನೆರಡು ದಿನಾ ಅಂತಾರ."

"ಹನ್ನೆರಡು ದಿನಾ ಆ ಗಡ್ಡಿ ಸುಮ್ಮನ ಕೂಡತೈತೇನ್ರಿ?"

ಸಿಸ್ಟರ್ ನೇತ್ರಾಳ ಕೈಗೆ ಚುಚ್ಚಿದ್ದ ಸೂಜಿಯನ್ನು ತೆಗೆಯತೊಡಗಿದರು. ಹಳೆಯ ಔಷಧವನ್ನು ಅಕ್ಕನ ಹೃದಯ ತಾಳಿಕೊಂಡಿರಲಿಲ್ಲ. ಉಳಿದದ್ದು ಇದೊಂದೇ. ಎರಡು ಸಲ ಕೊಟ್ಟಾಗ ಲಿಂಬೆಹಣ್ಣಿನಷ್ಟಿದ್ದ ಕ್ಯಾನ್ಸರ್ ಗಡ್ಡೆ ಅಡಿಕೆಯಷ್ಟಾಗಿತ್ತು. ಇವತ್ತು ಮೂರನೆಯದನ್ನು ಕೊಡಬೇಕಿತ್ತು. ಮೊದಲೆರಡು ಸಲ ಔಷಧ ಆಸ್ಪತ್ರೆಯಲ್ಲೇ ಸಿಕ್ಕಿತ್ತು, ಈ ಸಲ ಹೊರಗಿನ ಅಂಗಡಿಯಿಂದ ತರಬೇಕಾಗಿತ್ತು.

ತಂಪು ಎಂದರೇನು ಅಂತ ಬೂದೆಪ್ಪನಿಗೆ ಯಾರೂ ಕಲಿಸಬೇಕಿರಲಿಲ್ಲ. ಶಾಲೆ ಬಿಟ್ಟಾಗಿನಿಂದ ಲಿಂಗಂಪಲ್ಲಿಯ ಅಂಗಡಿಗಳ ಫ್ರಿಜ್ಜು, ಐಸ್‌ಕ್ರೀಮ್ ಪೆಟ್ಟಿಗೆಗಳ ರಿಪೇರಿಯೇ ಅವನ ಅನ್ನ. ತಂಪು ಹೋದರೆ ಸರಕು ಹೋಯಿತು. ಅವನ ಕಸುಬಿನ ಶಾಸ್ತ್ರ ಅಷ್ಟೇ. ನಿನ್ನೆ ಔಷಧದ ಅಂಗಡಿಯವನು ಸೀಸೆಯ ಡಬ್ಬಿ ಕೊಡುತ್ತ, "ಠಂಡಾ ರಖೋ ಭಾಯ್, ಗರಂ ನಕ್ಕೊ ಹೋನೆ ದೇವ್" ಅಂದಿದ್ದ. ಬಿಸಿಯಾಗಬಾರದು ತಾನೆ? ಅಕ್ಕನ ಮನೆಯ ಫ್ರಿಜ್ಜನ್ನು ರಿಪೇರಿ ಮಾಡಿದವನೂ ಇವನೇ. ಎಲ್ಲಕ್ಕಿಂತ ತಣ್ಣನೆಯ ಜಾಗ ಹುಡುಕಿ ಫ್ರೀಜರಿನಲ್ಲಿಟ್ಟ. ಬೆಳಿಗ್ಗೆ ಲೋಕಲ್ ರೈಲಿನಲ್ಲಿ ಬೇಗಂಪೇಟೆಯ ಈ ಆಸ್ಪತ್ರೆಗೆ ಬರುವಾಗ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕು ಸಲ ಮುಚ್ಚಳ ತೆಗೆದು ಮುಟ್ಟಿ ನೋಡಿದ. ಇನ್ನೂ ಕಲ್ಲಿನಂತಿದೆ ಅಂತ ಪ್ರತಿ ಸಲವೂ ಹಿಗ್ಗಿದ.

"ಡಬ್ಬಿ ಮ್ಯಾಲೆ ಇಷ್ಟು ದೊಡ್ಡದಾಗಿ ಬರದೈತಿ!" ಭಾವ ಡಬ್ಬಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. "ಬರ್ಫ ಮಾಡಬ್ಯಾಡ್ರಿ ಅಂತ, ಇಂಗ್ಲಿಷಿನ್ಯಾಗ. ನಿನಗ ಓದಾಕ ಬರೂದಿಲ್ಲ, ಬ್ಯಾಡ. ಬರೋರನ್ನ ಕೇಳಾಕ ಏನ್ ರೋಗ ಬಡದಿತ್ತು?"

ಕೇಳಬಹುದಿತ್ತು. ಬೂದೆಪ್ಪನ ಎದೆ ಉರಿದದ್ದು ಆ ಒಂದು ಮಾತಿಗೇ. ಹಿಂದೊಮ್ಮೆ ಕಂಪನಿಯ ಕಾಗದವೊಂದನ್ನು ಓದಿ ಹೇಳ್ರಿ ಅಂದಿದ್ದಕ್ಕೆ ಭಾವ ಅದನ್ನೇ ಮೂರು ಮದುವೆಗಳಲ್ಲಿ ಜೋಕು ಮಾಡಿ ಹೇಳಿದ್ದ. ಅಂದಿನಿಂದ ಬೂದೆಪ್ಪ ಯಾರಿಂದಲೂ ಏನನ್ನೂ ಓದಿಸಿರಲಿಲ್ಲ. ನಿನ್ನೆಯೂ ಆ ಹಟವನ್ನು ಬಿಡಲಿಲ್ಲ. ಒಂದು ಸಲ ನಾಚಿಕೆ ಬಿಟ್ಟಿದ್ದರೆ ಮುಗಿದಿತ್ತು.

ಆದರೆ ನಿನ್ನೆ ಸಂಜೆಯ ಇನ್ನೊಂದು ಸಂಗತಿಯೂ ಅವನ ಕಣ್ಣ ಮುಂದಿತ್ತು. ಆಫೀಸಿನಿಂದ ಬಂದ ಭಾವ ಶರಬತ್ತಿಗೆ ಐಸ್ ಬೇಕೆಂದು ಫ್ರೀಜರ್ ತೆರೆದಿದ್ದ. ಟ್ರೇ ಮೇಲಿದ್ದ ಡಬ್ಬಿಯನ್ನು ಎತ್ತಿ, ಆಚೀಚೆ ಹೊರಳಿಸಿ, ಔಷಧದ ಹೆಸರನ್ನು ಗಟ್ಟಿಯಾಗಿಯೇ ಓದಿದ್ದ. "ಇಲ್ಲಿಟ್ಟೀಯೇನಪಾ?" ಅಂದಿದ್ದ. "ಠಂಡಾ ಇಡು ಅಂದಾರ್ರಿ" ಅಂದಿದ್ದಕ್ಕೆ, "ಭೇಷ್, ಶ್ಯಾಣ್ಯಾ ಆಗಾಕತ್ತಿ" ಎಂದು ನಗುತ್ತ, ಐಸ್ ತೆಗೆದುಕೊಂಡು, ಡಬ್ಬಿಯನ್ನು ಮತ್ತೆ ಟ್ರೇ ಮೇಲೆ ತನ್ನ ಕೈಯಾರೆ ಇಟ್ಟು, ಬಾಗಿಲು ಒತ್ತಿದ್ದ.

"ಅವನ್ನ ಯಾಕ ಬೈತೀರಿ, ಬಿಡ್ರಿ" ನೇತ್ರಾ ಮೊದಲ ಸಲ ಬಾಯಿ ತೆರೆದಳು. ಆಮೇಲೆ ತಮ್ಮನ ಮುಖವನ್ನೇ ನೋಡುತ್ತ ಕೇಳಿದಳು: "ಬೂದೀ, ನಾ ಮಲಗೇ ಇದ್ದೆ ಖರೆ. ಮನ್ಯಾಗ ಆ ಡಬ್ಬಿ ಮತ್ಯಾರ ಕಣ್ಣಿಗೂ ಬೀಳಲಿಲ್ಲೇನೋ?"

ಭಾವ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟ. ಅವನ ಇನ್ನೊಂದು ಕೈ ಅಕ್ಕನ ಭುಜದ ಮೇಲಿತ್ತು. ಅಕ್ಕ ತನಗೇ ಗೊತ್ತಿಲ್ಲದಂತೆ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಭಾವನ ಕಣ್ಣು ಬೂದೆಪ್ಪನ ಬಾಯಿಯ ಮೇಲೆ ನೆಟ್ಟಿತ್ತು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಹಿಡಿದುಕೊಂಡಿದ್ದ ಆ ಕೈಯನ್ನು ನೋಡಿ ನುಂಗಿಕೊಂಡ. ಬೂದೆಪ್ಪ ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಆರು ಮಂಚಗಳ ನಡುವೆ ಬಾಗಿಲ ಕಡೆ ನಡೆದ. ಇಡೀ ವಾರ್ಡು ಕೇಳುವಂತೆ ಬೈದಿದ್ದ ಭಾವ ಹಿಂದಿನಿಂದ ಒಂದು ಮಾತೂ ಆಡಲಿಲ್ಲ.