ನಡುಗೋಡೆ

ಅಣ್ಣನ ದಿಮ್ಮಸು ಮೇಲೆದ್ದಾಗ ತಮ್ಮನದು ಕೆಳಗಿಳಿಯುತ್ತಿತ್ತು. ಮನೆಯನ್ನು ಎರಡು ಪಾಲು ಮಾಡುವ ಗೋಡೆಗಾಗಿ ಹಲಗೆ ಕಟ್ಟಿ, ಅದರೊಳಗೆ ನಿಂತು ಇಬ್ಬರೂ ಮಣ್ಣು ಕುಟ್ಟುತ್ತಿದ್ದರು. ಸಿಮೆಂಟು ಬೇಡ, ತಂಪಾದ ಮಣ್ಣಿನ ಮನೆಯೇ ಬೇಕು ಎನ್ನುವವರು ಹುಡುಕಿಕೊಂಡು ಬರುವುದು ಇವರಿಬ್ಬರನ್ನೇ. ತಮ್ಮದೇ ಮನೆಯ ಗೋಡೆಗೆ ಹೊರಗಿನವರನ್ನು ಕರೆಯಲು ಇಬ್ಬರಿಗೂ ನಾಚಿಕೆ. ಮಾತು ಮಾತ್ರ ಬಿಟ್ಟಿದ್ದರು.

"ಅಮ್ಮಾ, ಮಣ್ಣು ಒಣಗ್ತಿದೆ, ನೀರು ಚಿಮುಕಿಸು ಅಂತ ಹೇಳು ಅವನಿಗೆ," ಎಂದ ಅಣ್ಣ.

"ಪಕ್ಕದಲ್ಲೇ ನಿಂತಿದಾನಲ್ಲೋ! ನಾನೇನು ನಿಮ್ಮ ಟೆಲಿಫೋನಾ?" ಎಂದು ರೇಗಿದರೂ ತಾಯಿ ಹೇಳಿದಳು. ತಮ್ಮ ನೀರು ಚಿಮುಕಿಸಿದ.

ತಾಯಿ ಅಣ್ಣನ ಪಾಲಿಗೆ ಬಂದಿದ್ದಳು. ಮಂಡಿನೋವಿನಲ್ಲಿ ಬೀದಿ ಸುತ್ತಿ ಆ ಕಡೆಯ ಬಾಗಿಲಿಗೆ ಹೋಗಲಾರಳು. ತಮ್ಮನ ಕೂಸಿಗೆ ಇನ್ನೂ ಹಲ್ಲು ಬಂದಿರಲಿಲ್ಲ. "ಒಂದು ಕಿಂಡಿ ಬಿಡ್ರೋ, ಕೂಸಿನ ಮುಖ ಕಂಡರೆ ಸಾಕು," ಎಂದು ಇಬ್ಬರನ್ನೂ ಬೇಡಿಕೊಂಡಿದ್ದಳು. ಕಿಂಡಿ ಬೇಕೆಂದರೆ ಕುಟ್ಟುವಾಗಲೇ ಅಲ್ಲೊಂದು ಮರದ ಪೆಟ್ಟಿಗೆ ಕೂರಿಸಬೇಕು. ಆಮೇಲೆ ಕೊರೆದರೆ ಗೋಡೆ ಬಿರಿಯುತ್ತದೆ.

"ಅವನು ಇಟ್ಟರೆ ನಾನೇನು ಬೇಡ ಅನ್ನಲ್ಲ," ಎಂದಿದ್ದ ಅಣ್ಣ.

"ದೊಡ್ಡೋನು ಅವನು. ಅವನೇ ಇಡಲಿ," ಎಂದಿದ್ದ ತಮ್ಮ.

ಮಧ್ಯಾಹ್ನ ತಮ್ಮನ ಅಂಗೈಗೆ ಹಲಗೆಯ ಸಿಬಿರು ಹೊಕ್ಕಿತು. ಅಣ್ಣ ಆ ಕೈಯನ್ನು ಬೆಳಕಿಗೆ ಹಿಡಿದು, ನೋಯದ ಹಾಗೆ ಸಿಬಿರು ಕಿತ್ತು, ತನ್ನ ಟವೆಲ್ಲಿನ ಅಂಚು ಹರಿದು ಕಟ್ಟಿದ. ತಮ್ಮ ಕೈ ಎಳೆದುಕೊಳ್ಳಲಿಲ್ಲ. ತಾಯಿ ಮೆಲ್ಲನೆ ಕಿಂಡಿಯ ಪೆಟ್ಟಿಗೆಯನ್ನು ಇಬ್ಬರ ಕೈಗೂ ಎಟುಕುವಂತೆ ಹಲಗೆಯ ಮೇಲಿಟ್ಟಳು.

ಮಣ್ಣು ತಾಯಿಯ ಎದೆಮಟ್ಟಕ್ಕೆ, ಕಿಂಡಿ ಕೂರಿಸಬೇಕಾದ ಎತ್ತರಕ್ಕೆ ಬಂದಾಗ ಎರಡು ದಿಮ್ಮಸುಗಳೂ ನಿಂತವು. ಅಣ್ಣ ತಮ್ಮನನ್ನು ನೋಡಿದ. ತಮ್ಮ ಪೆಟ್ಟಿಗೆಯನ್ನು ನೋಡಿದ.

"ಅಮ್ಮಾ, ಮುಂದಿನ ಮಣ್ಣು ಸುರಿಯೋದಾ ಅಂತ ಕೇಳು," ಎಂದ ತಮ್ಮ.

ತಾಯಿ ಕೇಳಲಿಲ್ಲ. ಬಾಯಿಗೆ ಸೆರಗು ಅದುಮಿಕೊಂಡಳು.

"ಸುರಿ ಅನ್ನಮ್ಮಾ," ಎಂದ ಅಣ್ಣ.

ಅವಳು ಅದನ್ನೂ ಹೇಳಲಿಲ್ಲ. ಆದರೂ ಮಣ್ಣು ಬಿತ್ತು.

ಗೋಡೆ ಸೂರು ಮುಟ್ಟಿತು. ಹಲಗೆ ಬಿಚ್ಚಿದಾಗ ಎಲ್ಲಿಯೂ ಒಂದು ಗೀರಿಲ್ಲ, ಒಂದು ಉಬ್ಬಿಲ್ಲ. ತಮ್ಮ ಬೀದಿ ಸುತ್ತಿಕೊಂಡು ತನ್ನ ಬಾಗಿಲಿಗೆ ಹೋದ. ಅಣ್ಣ ದೂರ ನಿಂತು ಕೆಲಸವನ್ನು ಕಣ್ತುಂಬ ನೋಡುತ್ತಿದ್ದ. ತಾಯಿ ಹಸಿ ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಳು. ತಿರುಗಿದಾಗ ಅವಳ ಕೆನ್ನೆಗೆಲ್ಲ ಕೆಂಪು ಮಣ್ಣು.

"ಒಳ್ಳೇ ಗೋಡೆ ಕಣೋ," ಎಂದಳು. "ಕೂಸು ಅತ್ತರೂ ಕೇಳಿಸಲ್ಲ."